ಜಗಲಿಯಲ್ಲಿ ಕೂತವರ ಲೆಕ್ಕ

(ಕುಂದಾಪುರದಿಂದ ಒಳಗೆ, ಬಸ್ಸಿಳಿದು ಹತ್ತು ನಿಮಿಷ ನಡೆಯಬೇಕಾದ ಮನೆ. ಆಷಾಢದ ಮಳೆ. ಜಗಲಿಯಲ್ಲಿ ಇಬ್ಬರು. ಒಬ್ಬರು ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು, ವಯಸ್ಸು 72. ಇನ್ನೊಬ್ಬಳು ಅವರ ತಂಗಿಯ ಮಗಳು. ಬೆಂಗಳೂರಿನಲ್ಲಿ ಬ್ಯಾಂಕ್ ನೌಕರಿ, ವಯಸ್ಸು 45, ಮದುವೆಯಾಗಿಲ್ಲ. ರಾತ್ರಿ ಬಸ್ಸಿಗೆ ಬಂದಿದ್ದಾಳೆ.)

— ಚಹಾ ಆರ್ತಾ ಉಂಟು. ಮೊಬೈಲ್ ಕೆಳಗಿಡು, ಮೊದಲು ಕುಡಿ.

— ಕುಡೀತೀನಿ ದೊಡ್ಡಮ್ಮ. ಒಂದು ಸಲ ಈ ಫೋಟೋ ನೋಡಿಬಿಡಿ.

— ನೋಡುವುದಿಲ್ಲ. ನೋಡಿದರೆ ಮತ್ತೆ ತಲೆ ಓಡುವುದಿಲ್ಲ. ಮೊದಲು ಮಾತು, ಆಮೇಲೆ ಫೋಟೋ. ಎಷ್ಟು ಹೊತ್ತು ಉಂಟು ಅಂದೆ?

— ನಿನ್ನೆ ಸಂಜೆ ನಾಲ್ಕಕ್ಕೆ ಬಂತು. 48 ಗಂಟೆ. ನಾಳೆ ನಾಲ್ಕರೊಳಗೆ ಈ ಮಗುವನ್ನು ನನಗೆ ಕಾದಿರಿಸಿ ಅಂತ ಒತ್ತಬೇಕು. ಇಲ್ಲದಿದ್ದರೆ ಮಗು ಸಾಲಿನಲ್ಲಿ ಮುಂದಿನವರಿಗೆ ಹೋಗುತ್ತೆ.

— ಬಸ್ಸಿನ ಸೀಟಿನ ಹಾಗೆ.

— ನಗಬೇಡಿ. ಮೂರು ವರ್ಷ ಕಾಯಿಸಿ ಎರಡು ದಿನ ಕೊಟ್ಟಿದ್ದಾರೆ. ರಾತ್ರಿ ಬಸ್ಸಿನಲ್ಲಿ ಕಣ್ಣು ಮುಚ್ಚಿಲ್ಲ ನಾನು.

— ನಗಲಿಲ್ಲ ಮಾರಾಯ್ತಿ. ವಯಸ್ಸೆಷ್ಟು ಮಗುವಿಗೆ?

— ಮೂರು ವರ್ಷ ನಾಲ್ಕು ತಿಂಗಳು. ನಾನು ಹೆಸರು ಬರೆಸಿದಾಗ ನನಗೆ 42. ಒಂಟಿಯಾಗಿ ದತ್ತು ಕೇಳುವವರಿಗೆ 40 ದಾಟಿದರೆ ಎರಡು ವರ್ಷದೊಳಗಿನ ಮಗು ಕೊಡೋದಿಲ್ಲ. 45ರ ಒಳಗಾದರೆ ಎರಡರಿಂದ ನಾಲ್ಕು. ಹೆಸರು ಬರೆಸಿದ ದಿನದ ವಯಸ್ಸೇ ಲೆಕ್ಕ. ನಿಮ್ಮ ಪ್ರಶ್ನೆ ನನಗೆ ಗೊತ್ತು ದೊಡ್ಡಮ್ಮ. ಅಪ್ಪ ಇಲ್ಲದ ಮನೆಗೆ ಮಗು ತಂದು ಏನು ಮಾಡ್ತೀಯ ಅಂತ. ಅಮ್ಮ ಮೂರು ವರ್ಷದಿಂದ ಅದೊಂದನ್ನೇ ಕೇಳ್ತಿದ್ದಾಳೆ.

— ನಾನು ಅಪ್ಪನ ಸುದ್ದಿಯೇ ಎತ್ತಲಿಲ್ಲ. ನಿನ್ನ ಅಮ್ಮ ಮದುವೆಯಾಗಿ ಬೆಂಗಳೂರಿಗೆ ಹೋಗಿ ಐವತ್ತು ವರ್ಷ ಆಗುತ್ತಾ ಬಂತು, ಅವಳಿಗೆ ಮರೆತಿದೆ. ನಾವಿಬ್ಬರು ಹುಟ್ಟಿದ್ದು ಈ ಮನೆಯಲ್ಲಿ. ಅಪ್ಪ ಇದ್ದದ್ದು ಅವರ ಅಮ್ಮನ ಮನೆಯಲ್ಲಿ, ಹೊಳೆಯಾಚೆ. ಶನಿವಾರ ಸಂಜೆ ದೋಣಿ ದಾಟಿ ಬರುವವರು, ಸೋಮವಾರ ಬೆಳಿಗ್ಗೆ ಹೋಗುವವರು. ಅವರ ದುಡಿಮೆ ಅವರ ಅಕ್ಕತಂಗಿಯರ ಮಕ್ಕಳಿಗೆ. ನಮ್ಮ ಗಂಜಿ ನಮ್ಮ ಮಾವನ ಗದ್ದೆಯದು. ಅಳಿಯಕಟ್ಟು ಅಂದರೆ ಅದು. ಬಳಿ, ಅಂದರೆ ಕುಲ, ತಾಯಿಯದು, ಮನೆ ತಾಯಿಯದು. ಯಜಮಾನ ಅಂದರೆ ಅಮ್ಮನ ಅಣ್ಣ.

— ಅಜ್ಜ ಬರೀ ನೆಂಟರ ಹಾಗೆ ಬರ್ತಿದ್ರಾ?

— ಒಳ್ಳೆ ನೆಂಟರ ಹಾಗೆ. ನೆಂಟ ಬಂದರೆ ಮಕ್ಕಳಿಗೆ ಖುಷಿ ಅಲ್ವಾ? ಬೆಲ್ಲದ ಮಿಠಾಯಿ ತರುತ್ತಿದ್ದರು. ಒಂದು ದಿನವೂ ನಮಗೆ ಬೈದವರಲ್ಲ. ಬೈಯುವ ಕೆಲಸ ಮಾವನದು. ಅಪ್ಪ ನಮ್ಮ ಜೊತೆ ಇಲ್ಲ ಎನ್ನುವುದು ಒಂದು ಕೊರತೆ ಅಂತ ನನಗೆ ಗೊತ್ತಾದದ್ದು ಟೀಚರ್ಸ್ ಟ್ರೈನಿಂಗಿಗೆ ಹೋದ ಮೇಲೆ. ಅಲ್ಲಿಯ ಪುಸ್ತಕದಲ್ಲಿ ಕುಟುಂಬ ಅಂತ ಒಂದು ಚಿತ್ರ ಇತ್ತು. ಅಪ್ಪ ಕುರ್ಚಿಯಲ್ಲಿ ಪೇಪರ್ ಓದುತ್ತಾ, ಅಮ್ಮ ಹಿಂದೆ ನಿಂತು, ಮಕ್ಕಳಿಬ್ಬರು ಕಾಲ ಬುಡದಲ್ಲಿ. ನಾನು ಯೋಚನೆ ಮಾಡಿದೆ, ಇವರ ಮನೆಯಲ್ಲಿ ಬೇರೆ ಜನವೇ ಇಲ್ಲವಾ, ಪಾಪ.

— ಹಾಗಾದರೆ ಹಳೆಯ ಕಾಲವೇ ಚೆನ್ನಾಗಿತ್ತು ಅಂತೀರಿ.

— ಹಾಗೆ ಹೇಳಿದರೆ ನನ್ನ ನಾಲಿಗೆಗೆ ಹುಳ ಬೀಳುತ್ತದೆ. ಮಾವ ಒಂದು ಕೆಮ್ಮಿದರೆ ಹದಿನೆಂಟು ಜನ ಸುಮ್ಮನಾಗುತ್ತಿದ್ದರು. ನನ್ನ ದೊಡ್ಡಕ್ಕನ ಓದು ಐದನೇ ಕ್ಲಾಸಿಗೆ ನಿಂತದ್ದು ಅವರ ಒಂದು ಮಾತಿಗೆ. ಅವರ ಸ್ವಂತ ಮಕ್ಕಳು ಅವರ ಹೆಂಡತಿಯ ಮನೆಯಲ್ಲಿ, ಅಲ್ಲಿಯ ಮಾವನ ಕೆಮ್ಮು ಕೇಳುತ್ತಾ ಬೆಳೆದವರು. 1949ರಲ್ಲಿ ಮದ್ರಾಸಿನವರ ಕಾಯ್ದೆ ಬಂತು, ಕವರು ಕವರಿಗೆ, ಅಂದರೆ ಒಂದೊಂದು ತಾಯಿಯ ಕವಲಿಗೆ, ಪಾಲು ಕೇಳುವ ಹಕ್ಕು ಬಂತು, 1956ರಲ್ಲಿ ಹಿಂದೂ ಉತ್ತರಾಧಿಕಾರದ್ದು. ಆಮೇಲೆ ಒಂದೊಂದೇ ಮನೆ ಒಡೆಯಿತು. ಒಡೆದದ್ದಕ್ಕೆ ನನಗೇನೂ ದುಃಖ ಇಲ್ಲ. ನಾನು ಹೇಳಿದ್ದು ಇಷ್ಟೇ, ಅಪ್ಪ ವಾರಕ್ಕೆ ಎರಡು ದಿನ ಬರುವ ಮನೆಯನ್ನು ಈ ಊರಿನಲ್ಲಿ ಸಂಪ್ರದಾಯ ಅಂತಲೇ ಕರೆಯುತ್ತಿದ್ದರು. ನಿನ್ನ ಅಮ್ಮ ಈಗ ಸಂಪ್ರದಾಯ ಅಂತ ಹೇಳುವುದು ಬೆಂಗಳೂರಿನ ಎರಡು ಬೆಡ್‌ರೂಮಿನ ಫ್ಲಾಟನ್ನು.

— ಇದನ್ನ ಅಮ್ಮನಿಗೆ ಫೋನ್ ಮಾಡಿ ಹೇಳ್ತೀರಾ?

— ಹೇಳುವುದಿಲ್ಲ. ಅವಳು ಅಳುತ್ತಾಳೆ. ಇನ್ನೊಂದು ಕೇಳು. ನಾನು ಶಾಲೆಗೆ ಸೇರಿದ ಕಾಲದಲ್ಲಿ ನನ್ನ ಕ್ಲಾಸಿನ ಅರ್ಧ ಮಕ್ಕಳ ಅಪ್ಪಂದಿರು ಬೊಂಬಾಯಿ ಹೋಟೆಲಿನಲ್ಲಿ. ವರ್ಷಕ್ಕೊಮ್ಮೆ, ಅದೂ ಮಳೆಗಾಲ ಮುಗಿದ ಮೇಲೆ ಬರುವುದು. ಕೆಲವರು ಎರಡು ವರ್ಷಕ್ಕೊಮ್ಮೆ. ಮನೆ ನಡೆಸಿದ್ದು ಬೀಡಿ ಕಟ್ಟುವ ಅಮ್ಮ ಮತ್ತು ಎಲೆ ಅಡಿಕೆ ಜಗಿಯುವ ಅಜ್ಜಿ. ಆಮೇಲೆ ಗಲ್ಫಿನ ಅಪ್ಪಂದಿರು ಬಂದರು. ಆ ಮಕ್ಕಳಿಗೆ ಯಾರಾದರೂ ಅಪ್ಪನಿಲ್ಲದ ಮಕ್ಕಳು ಅಂದರಾ? ಇಲ್ಲ. ತಿಂಗಳಿಗೊಂದು ಮನಿಯಾರ್ಡರು ಬಂದರೆ ಅಪ್ಪ ಇದ್ದ ಹಾಗೆ. ಮನಿಯಾರ್ಡರು ನಿಂತರೆ, ಆಗ ಕೇಳಬೇಕಿತ್ತು ಊರಿನ ಬಾಯಿ.

— ಅಂದರೆ ಪ್ರಶ್ನೆ ಅಪ್ಪನದಲ್ಲ, ದುಡ್ಡಿನದು. ಇದನ್ನೇ ಅಮೆರಿಕದಲ್ಲಿ ಸಾರಾ ಮೆಕ್ಲಾನಹಾನ್ ಅನ್ನುವ ಸಮಾಜಶಾಸ್ತ್ರಜ್ಞೆ ಲೆಕ್ಕ ಹಾಕಿ ತೋರಿಸಿದ್ದು. 1994ರಲ್ಲಿ ಅವರದೊಂದು ಪುಸ್ತಕ ಬಂತು. ಒಬ್ಬರೇ ಪೋಷಕರಿರುವ ಮನೆಯ ಮಕ್ಕಳು ಓದು ಬಿಡೋದು ಹೆಚ್ಚು, ಚಿಕ್ಕ ವಯಸ್ಸಿಗೆ ತಾಯಿಯಾಗೋದು ಹೆಚ್ಚು ಅಂತ ಅವರೂ ಒಪ್ಪಿದರು. ಆದರೆ ಆ ವ್ಯತ್ಯಾಸದಲ್ಲಿ ಹೆಚ್ಚುಕಡಿಮೆ ಅರ್ಧ, ಮನೆಯ ವರಮಾನ ಕಮ್ಮಿ ಇರುವುದರಿಂದ ಬಂದದ್ದು ಅಂದರು.

— ಮತ್ತೆ ಉಳಿದ ಅರ್ಧ?

— ಅದು... ಪದೇ ಪದೇ ಮನೆ ಬದಲಾಗೋದು, ದೊಡ್ಡವರ ಸಮಯ ಸಿಗದಿರೋದು, ಊರಿನ ನಂಟು ಕಡಿದುಹೋಗೋದು.

— ಆ ಅರ್ಧದ ಬಗ್ಗೆ ಆಮೇಲೆ ಮಾತಾಡುವ. ನನ್ನ ಗಂಟಲಲ್ಲಿ ಸಿಕ್ಕಿಕೊಂಡಿರುವುದು ಅದುವೇ. ಇರಲಿ, ಊರಿನ ಬಾಯಿ ಅಂದೆನಲ್ಲ. ಅದಕ್ಕಿಂತ ಕೆಟ್ಟದ್ದೊಂದು ಉಂಟು, ಟೀಚರ ಬಾಯಿ. ಇದನ್ನು ನಾನು ಯಾರಿಗೂ ಹೇಳಲಿಲ್ಲ.

— ಹೇಳಿ.

— ನಾಲ್ಕನೇ ಕ್ಲಾಸು. ನನಗೆ ಆಗ ಮೂವತ್ತೈದೋ ಏನೋ. ‘ನನ್ನ ತಂದೆ’ ಅಂತ ಒಂದು ಪುಟ ಬರೆಯಲಿಕ್ಕೆ ಕೊಟ್ಟೆ. ವರ್ಷ ವರ್ಷವೂ ಕೊಡುವುದೇ. ಒಬ್ಬಳು ಹುಡುಗಿ ಎರಡು ಪುಟ ಬರೆದಿದ್ದಳು. ಅವಳ ಅಮ್ಮ ಬೀಡಿ ಕಟ್ಟುವವಳು, ಗಂಡ ಅಂತ ಯಾರೂ ಇಲ್ಲ, ಇದ್ದದ್ದೂ ಇಲ್ಲ. ಊರಿಗೆಲ್ಲ ಗೊತ್ತಿತ್ತು. ಹುಡುಗಿ ಬರೆದದ್ದು ಬೊಂಬಾಯಿಯ ಅಪ್ಪನ ಬಗ್ಗೆ. ಮೀಸೆ ಹೇಗೆ, ಬರುವಾಗ ಮೂರು ಸೆಲ್ಲಿನ ಟಾರ್ಚು ಹೇಗೆ ತಂದರು, ರಾತ್ರಿ ಆ ಟಾರ್ಚಿನಲ್ಲಿ ತೆಂಗಿನ ಮರದ ತುದಿ ತೋರಿಸಿದಾಗ ಒಂದು ಗೂಬೆ ಹೇಗೆ ಕಣ್ಣು ಬಿಟ್ಟು ನೋಡಿತು. ಎಂತ ಬರವಣಿಗೆ ಅಂದೀ! ಆ ಕ್ಲಾಸಿನಲ್ಲಿ ನಿಜವಾದ ಅಪ್ಪ ಇದ್ದವರು ‘ನನ್ನ ತಂದೆ ಒಳ್ಳೆಯವರು, ಅವರು ಲುಂಗಿ ಉಡುತ್ತಾರೆ’ ಅಂತ ನಾಲ್ಕು ಸಾಲು ಬರೆದಿದ್ದರು.

— ನೀವು ಏನು ಮಾಡಿದಿರಿ?

— ಹತ್ತಕ್ಕೆ ಒಂಬತ್ತು ಕೊಟ್ಟು ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿದೆ. ಪ್ರೋತ್ಸಾಹ ಕೊಡುವುದು ಅಂತ ನನ್ನ ತಲೆಯಲ್ಲಿ. ಟಾರ್ಚಿನ ಜಾಗಕ್ಕೆ ಬರುವಾಗ ಹಿಂದಿನ ಬೆಂಚಿನಿಂದ ಒಬ್ಬ ನಕ್ಕ. ಮತ್ತೆ ಎಲ್ಲರೂ ನಕ್ಕರು. ಅವಳು ಅಳಲಿಲ್ಲ. ಎದ್ದು ಬಂದು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಹೋಗಿ ಕೂತಳು. ಆ ವರ್ಷ ಮತ್ತೆ ಅವಳು ನಾಲ್ಕು ಸಾಲಿನ ಮೇಲೆ ಏನನ್ನೂ ಬರೆಯಲಿಲ್ಲ. ಎಲ್ಲದಕ್ಕೂ ನಾಲ್ಕೇ ಸಾಲು. ಹಸುವಿಗೂ ನಾಲ್ಕು, ಗಾಂಧೀಜಿಗೂ ನಾಲ್ಕು.

— ದೊಡ್ಡಮ್ಮ...

— ಮನೆಯಲ್ಲಿ ಅವಳು ಚೆನ್ನಾಗಿಯೇ ಇದ್ದಳು ಮಾರಾಯ್ತಿ, ಅದನ್ನು ನೀನು ತಿಳಿಯಬೇಕು. ಅಮ್ಮ ಇದ್ದಳು, ಅಜ್ಜಿ ಇದ್ದಳು, ಒಂದು ಕುಂಟ ಆಡು ಇತ್ತು. ಅಪ್ಪ ಇಲ್ಲದ್ದು ಅವಳಿಗೆ ನೋವಾದದ್ದು ಹತ್ತೂಮುಕ್ಕಾಲಿಗೆ, ನನ್ನ ಕ್ಲಾಸಿನಲ್ಲಿ. ಆ ಮೇಲೆ ನಾನು ‘ನನ್ನ ತಂದೆ’ ಕೊಡುವುದು ಬಿಟ್ಟೆ. ‘ನಮ್ಮ ಮನೆಯ ಒಬ್ಬರು’ ಅಂತ ಕೊಡುತ್ತಿದ್ದೆ. ಆಡಿನ ಬಗ್ಗೆ ಬರೆದವರೂ ಇದ್ದರು.

— ಇಂಗ್ಲೆಂಡಿನಲ್ಲಿ ಸೂಸನ್ ಗೊಲೊಂಬೊಕ್ ಅಂತ ಒಬ್ಬರು ಮನಶ್ಶಾಸ್ತ್ರಜ್ಞೆ ಇದ್ದಾರೆ. ನಲವತ್ತು ವರ್ಷಕ್ಕೂ ಮೇಲೆ ಇಂಥ ಮನೆಗಳನ್ನೇ ನೋಡುತ್ತಾ ಬಂದವರು. ಎಪ್ಪತ್ತರ ದಶಕದಲ್ಲಿ ಅಲ್ಲಿ ಗಂಡನ್ನ ಬಿಟ್ಟು ಇನ್ನೊಬ್ಬ ಹೆಂಗಸಿನ ಜೊತೆ ಬಾಳುವ ತಾಯಂದಿರಿಂದ ಕೋರ್ಟು ಮಕ್ಕಳನ್ನ ಕಿತ್ತುಕೊಳ್ತಿತ್ತು. ಮಕ್ಕಳು ಕೆಡ್ತಾರೆ ಅಂತ. ಕೆಡ್ತಾರೋ ಇಲ್ಲವೋ ಅಂತ ಯಾರೂ ನೋಡಿರಲಿಲ್ಲ. ಇವರು ನೋಡಿದರು. ಅಂಥ 27 ಮನೆ, ಒಂಟಿ ತಾಯಂದಿರ 27 ಮನೆ. 1983ರಲ್ಲಿ ಪ್ರಕಟವಾಯಿತು. ಮಕ್ಕಳ ಮನಸ್ಸಿನಲ್ಲಿ, ನಡವಳಿಕೆಯಲ್ಲಿ, ತಾನು ಹುಡುಗ ತಾನು ಹುಡುಗಿ ಅನ್ನುವ ತಿಳಿವಳಿಕೆಯಲ್ಲಿ ಅಂಥ ವ್ಯತ್ಯಾಸವೇ ಕಾಣಲಿಲ್ಲ. ಆಮೇಲೆ ಎಷ್ಟೋ ಜನ ಎಷ್ಟೋ ಊರಿನಲ್ಲಿ ನೋಡಿದರು. ಬಹುಪಾಲು ಅದೇ ಉತ್ತರ. ಮನೆಯಲ್ಲಿ ಯಾರ್ಯಾರು ಇದ್ದಾರೆ ಅನ್ನುವುದಕ್ಕಿಂತ ಅವರು ಮಗುವಿನ ಜೊತೆ ಹೇಗಿದ್ದಾರೆ ಅನ್ನುವುದು ದೊಡ್ಡದು. ಅಂಥ ಮಕ್ಕಳಿಗೆ ಕಷ್ಟ ಬರೋದು ಹೊರಗಿನಿಂದ, ನೀವು ಹೇಳಿದ ಹಿಂದಿನ ಬೆಂಚಿನಿಂದ.

— 27 ಮನೆ ಅಂದರೆ ನಮ್ಮ ವಾರ್ಡಿನಷ್ಟೂ ಇಲ್ಲ. ಆದರೂ ಸುಳ್ಳು ಅಂತ ನಾನು ಹೇಳುವುದಿಲ್ಲ. ನನ್ನ ರಿಜಿಸ್ಟರಿನಲ್ಲಿ ಮೂವತ್ತೆಂಟು ವರ್ಷದ ಮಕ್ಕಳು ಇದ್ದಾರೆ, ನಾನೂ ನೋಡಿದ್ದೇನೆ. ಕುಡಿದು ಬರುವ ಅಪ್ಪ ಇದ್ದ ಮಗು ಮಧ್ಯಾಹ್ನದ ಊಟಕ್ಕೆ ಮೊದಲು ಸಣ್ಣ ಸದ್ದಿಗೂ ಹಾರಿಬೀಳುತ್ತದೆ. ಅಪ್ಪ ಇಲ್ಲದ ಮಗು ಹಾಗೆ ಹಾರಿಬೀಳುವುದಿಲ್ಲ. ಇದಕ್ಕೆ ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ. ಆದರೆ ಅಲ್ಲಿ ಸರಕಾರ ಮನೆಬಾಗಿಲಿಗೆ ಬಂದು ನೋಡುತ್ತದೆ. ಇಲ್ಲಿ ಬರುವವರು ಹಾಲಿನವ ಮತ್ತು ಪಕ್ಕದ ಮನೆಯವಳು. ಆ ವ್ಯತ್ಯಾಸ ನಿನ್ನ ಪುಸ್ತಕದಲ್ಲಿ ಉಂಟಾ?

— ಅಷ್ಟಿಲ್ಲ. ಒಪ್ಪಿದೆ. ಆದರೆ ಇಲ್ಲೂ ಅಂಥ ಮನೆ ಇದೆ ದೊಡ್ಡಮ್ಮ. ನನ್ನ ಗೆಳತಿಯರು ಇಬ್ಬರು ಹನ್ನೆರಡು ವರ್ಷದಿಂದ ಒಟ್ಟಿಗೆ ಇದ್ದಾರೆ. ಗೆಳತಿಯರು ಅಂದರೆ... ಗಂಡ ಹೆಂಡತಿ ಇದ್ದ ಹಾಗೆ. ಅವರಿಗೆ ಆರು ವರ್ಷದ ಮಗ. ಒಬ್ಬಳನ್ನ ಅಮ್ಮ ಅಂತಾನೆ, ಇನ್ನೊಬ್ಬಳನ್ನ ಅವ್ವ ಅಂತಾನೆ.

— ಹ್ಞೂಂ.

— ಏನೂ ಹೇಳಲಿಲ್ಲ ನೀವು.

— ನನಗೆ ಅದು ಪೂರ್ತಿ ಅರ್ಥ ಆಗುವುದಿಲ್ಲ. ಆಗುತ್ತದೆ ಅಂತ ನಿನ್ನ ಎದುರು ನಾಟಕ ಮಾಡಲಿಕ್ಕೆ ಈ ವಯಸ್ಸಿನಲ್ಲಿ ನನಗೆ ಆಗುವುದಿಲ್ಲ. ಹುಡುಗ ಊಟ ಸರಿ ಮಾಡುತ್ತಾನಾ? ರಾತ್ರಿ ನಿದ್ದೆ ಮಾಡುತ್ತಾನಾ? ಜಗಳಕ್ಕೆ ಹೋಗುತ್ತಾನಾ ಇಲ್ಲವಾ?

— ಊಟ ಮಾಡ್ತಾನೆ. ಜಗಳ ಚೆನ್ನಾಗಿ ಆಡ್ತಾನೆ.

— ಜಗಳ ಆಡುವ ಮಗು ಸರಿ ಉಂಟು ಅಂತ ಅರ್ಥ. ಸುಮ್ಮನೆ ಕೂರುವ ಮಗುವನ್ನು ನೋಡಿದರೆ ನನಗೆ ಹೆದರಿಕೆ. ಮತ್ತೆ ಅವರಿಗೆ ತೊಂದರೆ ಎಂತದು?

— ಕಾಗದದ್ದು. ದತ್ತು ಪಡೆದದ್ದು ಅಮ್ಮ ಒಬ್ಬಳೇ, ಒಂಟಿ ಹೆಂಗಸು ಅಂತ. ಅವ್ವ ಅನ್ನುವವಳು ಕಾನೂನಿಗೆ ಯಾರೂ ಅಲ್ಲ. ಜೋಡಿಯಾಗಿ ದತ್ತು ಕೇಳಬೇಕಾದರೆ ಮದುವೆಯಾಗಿ ಎರಡು ವರ್ಷ ಗಟ್ಟಿಯಾಗಿ ಬಾಳಿರಬೇಕು ಅಂತ ನಿಯಮ. ಇವರಿಗೆ ಮದುವೆಯೇ ಇಲ್ಲವಲ್ಲ. 2023ರ ಅಕ್ಟೋಬರ್ 17ಕ್ಕೆ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠದ ತೀರ್ಪು ಬಂತು. ಇಬ್ಬರು ಆ ನಿಯಮ ಸರಿಯಲ್ಲ ಅಂದರು, ಮೂವರು ಹಾಗೇ ಇರಲಿ ಅಂದರು. ಆ ದಿನ ಅವ್ವ ರಜೆ ಹಾಕಿ ಟೀವಿ ಮುಂದೆ ಕೂತಿದ್ದಳು. ಶಾಲೆಯ ಗೇಟಿನಲ್ಲಿ ಮಗುವನ್ನ ಕರೆದುಕೊಂಡು ಹೋಗುವವರ ಕಾರ್ಡು ಇರುತ್ತಲ್ಲ, ಅದರಲ್ಲಿ ಅವಳನ್ನ ಚಿಕ್ಕಮ್ಮ ಅಂತ ಬರೆದಿದ್ದಾರೆ. ಅಮ್ಮನಿಗೆ ನಾಳೆ ಏನಾದರೂ ಆದರೆ ಹುಡುಗ ಯಾರ ಪಾಲು ಅಂತ ಕೇಳಿದರೆ ಇಬ್ಬರೂ ಮಾತು ಬದಲಾಯಿಸ್ತಾರೆ.

— ಆರು ವರ್ಷ ಅನ್ನ ಕಲಸಿ ಕೊಟ್ಟವಳು ಗೇಟಿನಲ್ಲಿ ಚಿಕ್ಕಮ್ಮನಾ?

— ಹೌದು.

— ಇದು ಮಾತ್ರ ನನಗೆ ಸರಿಯಾಗಿ ಅರ್ಥ ಆಗುತ್ತದೆ. ನನ್ನ ಅಪ್ಪ ಸತ್ತಾಗ ನಮಗೆ ಅವರ ಮನೆಯ ಒಂದು ತಂಬಿಗೆಯೂ ಬರಲಿಲ್ಲ. ಆ ಮನೆಯ ಲೆಕ್ಕಕ್ಕೆ ನಾವೂ ನೆಂಟರೇ. ಅಪ್ಪಂದಿರಿಗೂ ಹಾಗೆ ಹೊರಗೆ ನಿಂತು ಗೊತ್ತುಂಟು.

— ಕಾನೂನು ಕೆಲವೊಮ್ಮೆ ತಮಾಷೆ ಮಾಡುತ್ತೆ ನೋಡಿ. 1956ರ ಹಿಂದೂ ದತ್ತಕ ಕಾಯ್ದೆಯಲ್ಲಿ ಮದುವೆಯಾಗದ ಹೆಂಗಸು, ವಿಧವೆ, ವಿಚ್ಛೇದಿತೆ, ಇವರೆಲ್ಲ ತಮ್ಮಷ್ಟಕ್ಕೆ ದತ್ತು ಪಡೆಯಬಹುದಿತ್ತು. ಗಂಡ ಇರುವವಳಿಗೆ ಆ ಹಕ್ಕು ಇರಲಿಲ್ಲ. ಗಂಡ ಪಡೆಯೋದು, ಇವಳು ಒಪ್ಪಿಗೆ ಕೊಡೋದು ಅಷ್ಟೇ. 2010ರಲ್ಲಿ ತಿದ್ದಿದರು.

— ಅಂದರೆ ನಾನು ಮದುವೆಯಾಗಿದ್ದರೆ ಐವತ್ತೇಳು ವರ್ಷ ಆಗುವವರೆಗೆ ಕಾಯಬೇಕಿತ್ತು. ಒಳ್ಳೆಯದಾಯಿತು.

— ನೀವು ಯಾಕೆ ಆಗಲಿಲ್ಲ ಅಂತ ನಾನು ಯಾವತ್ತೂ ಕೇಳಿಲ್ಲ.

— ಈಗಲೂ ಕೇಳಬೇಡ. ಗಂಡಸರಿಗೆ ಹೇಗೆ? ಒಬ್ಬನೇ ಇರುವ ಗಂಡಸು ಕೇಳಿದರೆ?

— ಗಂಡು ಮಗು ಕೊಡ್ತಾರೆ. ಹೆಣ್ಣು ಮಗು ಕೊಡೋದಿಲ್ಲ. 2015ರ ಬಾಲನ್ಯಾಯ ಕಾಯ್ದೆಯಲ್ಲೇ ಹಾಗೆ ಬರೆದಿದೆ. ಹೆಂಗಸಾದರೆ ಯಾವ ಮಗುವಾದರೂ ಸರಿ.

— ಆ ಹೆದರಿಕೆ ನನಗೆ ಅರ್ಥವಾಗುತ್ತದೆ, ಆದರೆ ಹೆಂಡತಿ ಸತ್ತ ಮೇಲೆ ಮೂರು ಹೆಣ್ಣು ಮಕ್ಕಳ ಜಡೆ ಹೆಣೆದು ಶಾಲೆಗೆ ಕಳಿಸಿದ ಒಬ್ಬ ಟೈಲರ್ ಇದ್ದ ಇಲ್ಲಿ. ಮೂರು ಜಡೆಯೂ ಒಂದೇ ಅಳತೆ. ಟೇಪಿನಲ್ಲಿ ಅಳೆಯುತ್ತಿದ್ದನೋ ಏನೋ. ಇರಲಿ. ಅಡ್ಮಿಷನ್ ಫಾರಮ್ಮಿನ ಕತೆ ಹೇಗೀಗ? ನನ್ನ ಕಾಲದಲ್ಲಿ ತಂದೆಯ ಹೆಸರಿನ ಗೆರೆ ಖಾಲಿ ಬಿಟ್ಟರೆ ಮೇಲಿನಿಂದ ಫಾರಮ್ಮು ವಾಪಸ್ಸು.

— ಈಗ ಅಷ್ಟಿಲ್ಲ. ಮೊದಲು ತಂದೆಯೇ ಸಹಜ ಪಾಲಕ, ಅವನ ನಂತರ ತಾಯಿ ಅಂತ ಇತ್ತು. ಲೇಖಕಿ ಗೀತಾ ಹರಿಹರನ್ ಮಗನ ಹೆಸರಿಗೆ ಬಾಂಡ್ ತೆಗೆಯಲು ಹೋದರೆ ರಿಸರ್ವ್ ಬ್ಯಾಂಕಿನವರು ಅಪ್ಪನ ಸಹಿ ಕೇಳಿದರು. ಅವರು ಕೋರ್ಟಿಗೆ ಹೋದರು. ‘ನಂತರ’ ಅಂದರೆ ಸತ್ತ ನಂತರ ಅಂತಲೇ ಅಲ್ಲ, ಅವನು ಜವಾಬ್ದಾರಿ ಹೊರದಿದ್ದಾಗಲೂ ಅಂತ 1999ರಲ್ಲಿ ಸುಪ್ರೀಂ ಕೋರ್ಟು ಅರ್ಥ ಹೇಳಿತು. 2015ರಲ್ಲಿ ಇನ್ನೊಂದು ತೀರ್ಪು, ಮದುವೆಯಾಗದ ತಾಯಿ ಅಪ್ಪನ ಹೆಸರು ಹೇಳದೆಯೇ ಮಗುವಿನ ಪಾಲಕಿಯಾಗಬಹುದು ಅಂತ. 2016ರ ಕೊನೆಯಲ್ಲಿ ಪಾಸ್‌ಪೋರ್ಟಿನ ಅರ್ಜಿಗೂ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರ ಹೆಸರು ಸಾಕು ಅಂತಾಯಿತು. ಕೌಂಟರಿನಲ್ಲಿ ಕೂತವರಿಗೆ ಇದು ಗೊತ್ತಿರಬೇಕಷ್ಟೆ.

— ಉಪನಿಷತ್ತಿನಲ್ಲಿ ಸತ್ಯಕಾಮನ ಕತೆ ಬರುತ್ತದಲ್ಲ. ಎಲ್ಲರೂ ಆ ಹುಡುಗ ನಿಜ ಹೇಳಿದ, ಗುರು ಮೆಚ್ಚಿದ ಅಂತ ಭಾಷಣ ಮಾಡುತ್ತಾರೆ. ನನಗೆ ಟೀಚರಾಗಿ ಕಂಡದ್ದು ಬೇರೆ. ಗೌತಮರು ಮೊದಲು ಕೇಳಿದ್ದೇ ನಿನ್ನ ಗೋತ್ರ ಯಾವುದು ಅಂತ. ಅಡ್ಮಿಷನ್ ಫಾರಮ್ಮು! ತಾಯಿ ಜಬಾಲೆ, ನನಗೇ ಗೊತ್ತಿಲ್ಲ ಮಗಾ, ನಾನು ಜಬಾಲೆ, ನೀನು ಸತ್ಯಕಾಮ, ಹಾಗೇ ಹೇಳು ಅಂದಳು. ಹೇಳಿದ. ಸೀಟು ಸಿಕ್ಕಿತು. ಸೀಟಿನ ಜೊತೆ ನಾನೂರು ಬಡಕಲು ಹಸುಗಳನ್ನೂ ಕೊಟ್ಟು ಕಾಡಿಗೆ ಕಳಿಸಿದರು, ಸಾವಿರ ಆಗುವವರೆಗೆ ಬರುವುದಿಲ್ಲ ಅಂತ ಅವನೇ ಹೇಳಿ ಹೊರಟ. ಅಪ್ಪನ ಹೆಸರಿದ್ದ ಹುಡುಗರಿಗೂ ಹಸು ಕೊಟ್ಟರಾ ಅಂತ ಯಾರಾದರೂ ಕೇಳಬೇಕಿತ್ತು.

— ನನ್ನ ಮಗುವಿಗೂ ಹಸು ಕಾಯುವ ಕೆಲಸ ಬರುತ್ತೆ ಅಂತೀರಾ?

— ನನ್ನ ಮಗು ಅಂದೆ.

— ಹ್ಞಾಂ... ಅಂದೆನಾ?

— ಅಂದೆ. ಸರಿ, ಈಗ ನನ್ನ ಗಂಟಲಿನ ಮುಳ್ಳಿಗೆ ಬರುವ. ನಿನಗೆ ಗಂಡ ಇಲ್ಲ, ಅದು ನನಗೆ ಲೆಕ್ಕಕ್ಕೇ ಇಲ್ಲ. ಈ ಜಗಲಿಯಲ್ಲಿ ನಾನು ಚಿಕ್ಕವಳಿರುವಾಗ ಸಂಜೆ ಹೊತ್ತಿಗೆ ಏಳೆಂಟು ಜನ ದೊಡ್ಡವರು ಕೂತಿರುತ್ತಿದ್ದರು. ಒಬ್ಬಳಿಗೆ ತಲೆನೋವು, ಒಬ್ಬಳು ಸಿಟ್ಟಿನಲ್ಲಿ, ಒಬ್ಬ ಕುಡಿದಿದ್ದಾನೆ. ಆದರೂ ಮಗುವನ್ನು ಎತ್ತಿಕೊಳ್ಳಲು ಯಾವಾಗಲೂ ಒಬ್ಬರ ಕೈ ಖಾಲಿ ಇರುತ್ತಿತ್ತು. ಆ ಚಿತ್ರದ ಮನೆ ಉಂಟಲ್ಲ, ಅಪ್ಪ ಕುರ್ಚಿಯಲ್ಲಿ ಕೂತದ್ದು, ಅಲ್ಲಿ ಲೆಕ್ಕ ಎರಡಕ್ಕೆ ಇಳಿಯಿತು. ಪೇಪರ್ ಓದುವವನನ್ನು ಅರ್ಧ ಅಂತ ಹಿಡಿದರೆ ಒಂದೂವರೆ. ನಿನ್ನ ಮನೆಯಲ್ಲಿ ಒಂದು. ಆ ಒಂದಕ್ಕೆ ಜ್ವರ ಬಂದರೆ?

— ಸಂಬಂಧಿಕರ ಮುಚ್ಚಳಿಕೆ ಪತ್ರ ಕೊಟ್ಟಿದ್ದೀನಿ. ಒಂಟಿಯವರಿಗೆ ಅದು ಕಡ್ಡಾಯ. ನನಗೆ ಏನಾದರೂ ಆದರೆ ಮಗುವನ್ನ ನೋಡಿಕೊಳ್ತೀನಿ ಅಂತ ತಮ್ಮ ಸಹಿ ಹಾಕಿದ್ದಾನೆ.

— ನಿನ್ನ ತಮ್ಮ ಇರುವುದು ಮಸ್ಕತ್ತಿನಲ್ಲಿ.

— ಹೌದು.

— ರಾತ್ರಿ ಎರಡು ಗಂಟೆಗೆ ಮಗು ವಾಂತಿ ಮಾಡಿದರೆ ಮಸ್ಕತ್ತಿನವನು ಚಾಪೆ ಒರೆಸುತ್ತಾನಾ? ನೀನು ಸತ್ತ ಮೇಲಿನ ಕಾಗದ ಅದು. ನೀನು ಬದುಕಿರುವಾಗಿನ ಕಾಗದ ಎಲ್ಲಿ?

— ಎದುರು ಫ್ಲಾಟಿನ ಆಂಟಿ ಇದ್ದಾರೆ. ಆ ಹುಡುಗನ ಅಮ್ಮ ಅವ್ವ ಇಬ್ಬರೂ ಎರಡು ಬೀದಿ ಆಚೆ. ಆಫೀಸಿನ ಹತ್ತಿರ ಡೇ ಕೇರ್ ನೋಡಿಟ್ಟಿದ್ದೀನಿ. ನನ್ನ ಅಮ್ಮನಿಗೆ ಮಂಡಿನೋವು, ಮನಸ್ಸಿನ ನೋವು ಬೇರೆ.

— ಅವಳು ಬರುತ್ತಾಳೆ. ಮಗು ಒಂದು ಸಲ ಅಜ್ಜಿ ಅಂದರೆ ಮಂಡಿ ತಾನಾಗಿ ಸರಿಯಾಗುತ್ತದೆ. ಆದರೆ ಒಂದಾರು ತಿಂಗಳು ಅವಳನ್ನು ನಂಬಬೇಡ. ಆ ಆರು ತಿಂಗಳೇ ಕಷ್ಟದ್ದು. ಹೊಸ ಮಗು ಶಾಲೆಗೆ ಬಂದರೆ ಮೊದಲ ವಾರ ಬಹಳ ಒಳ್ಳೆಯದಾಗಿ ಇರುತ್ತದೆ. ಹೇಳಿದ್ದು ಕೇಳುತ್ತದೆ. ಹೊಸ ಟೀಚರಿಗೆ ಅದು ಖುಷಿ. ಹಳೆಯ ಟೀಚರಿಗೆ ಗೊತ್ತುಂಟು, ಅದು ಇನ್ನೂ ಬಂದು ತಲುಪಲಿಲ್ಲ ಅಂತ. ತಲುಪಿದ ದಿನ ಸ್ಲೇಟು ಒಡೆಯುತ್ತದೆ.

— ಸ್ಲೇಟು ಒಡೆದ ದಿನ ಏನು ಮಾಡಬೇಕು?

— ಇನ್ನೊಂದು ಸ್ಲೇಟು ಕೊಡಬೇಕು. ಅದನ್ನೂ ಒಡೆದರೆ ನೆಲದಲ್ಲಿ ಬರೆಸಬೇಕು. ಅದರ ಜೊತೆ ನೆಲದಲ್ಲಿ ಕೂರಬೇಕು. ನಿನ್ನ ಬ್ಯಾಂಕಿನ ಗಡಿಯಾರಕ್ಕೆ ಅದೆಲ್ಲ ಹೊಂದುತ್ತದಾ?

— ದತ್ತು ಪಡೆದ ತಾಯಿಗೂ ರಜೆ ಇದೆ. 2017ರಲ್ಲಿ ಕಾಯ್ದೆ ತಿದ್ದಿದಾಗ ಹನ್ನೆರಡು ವಾರ ಅಂತ ಬರೆದದ್ದು ಮೂರು ತಿಂಗಳೊಳಗಿನ ಮಗು ಬಂದರೆ ಮಾತ್ರ. ಮೂರು ವರ್ಷದ ಮಗು ತಾನೇ ನಡೆದುಕೊಂಡು ಬರುತ್ತೆ ಅಂದುಕೊಂಡಿರಬೇಕು ಬರೆದವರು. ನಾನು ನನ್ನ ರಜೆ ಎಲ್ಲ ಉಳಿಸಿಟ್ಟಿದ್ದೀನಿ. ನಾಲ್ಕು ತಿಂಗಳಿಗೆ ಆಗುತ್ತೆ.

— ಸರಿ. ಮತ್ತೆ ಆ ಮಗುವಿಗೆ ಯಾವಾಗ ಹೇಳುತ್ತೀ?

— ಹೇಳಬೇಕಾದ್ದೇ ಇಲ್ಲ, ಅದಕ್ಕೆ ಗೊತ್ತಿರುತ್ತೆ. ಮೂರು ವರ್ಷದ ಮಗು ಆ ಮನೆ, ಆ ಆಯಾ ಎಲ್ಲ ನೆನಪಿಟ್ಟುಕೊಂಡೇ ಬರುತ್ತೆ. ನೆನಪು ಅಳಿಸಿಹೋಗುವ ಮೊದಲೇ ಅದನ್ನ ಒಂದು ಕತೆಯ ಹಾಗೆ ಹೇಳ್ತಾ ಇರಬೇಕು ಅಂತಾರೆ. ಗೊಲೊಂಬೊಕ್ ಅವರೇ ದಾನಿಗಳಿಂದ, ಬಾಡಿಗೆ ತಾಯಿಯಿಂದ ಹುಟ್ಟಿದ ಮಕ್ಕಳನ್ನ ಇಪ್ಪತ್ತು ವರ್ಷ ಆಗುವವರೆಗೂ ಹಿಂಬಾಲಿಸಿ ನೋಡಿದರು. ಏಳು ವರ್ಷದೊಳಗೆ ನಿಜ ಕೇಳಿದ ಮಕ್ಕಳು ಆಮೇಲೆ ಕೇಳಿದವರಿಗಿಂತ ನೆಮ್ಮದಿಯಾಗಿದ್ದರು, ತಾಯಿಯ ಜೊತೆ ಹೆಚ್ಚು ಚೆನ್ನಾಗಿದ್ದರು. ಹದಿನೆಂಟಾದ ಮೇಲೆ ತನ್ನ ಮೂಲ ಹುಡುಕುವ ಹಕ್ಕು ಮಗುವಿಗೆ ಇಲ್ಲಿಯ ನಿಯಮದಲ್ಲೂ ಇದೆ.

— ಹುಡುಕಲಿಕ್ಕೆ ಹೋದರೆ ನಿನಗೆ ಸಂಕಟ ಆಗುವುದಿಲ್ಲವಾ?

— ಆಗುತ್ತೆ. ಬಸ್ಸಿನಲ್ಲಿ ಅದನ್ನೇ ಯೋಚಿಸಿದೆ. ಇನ್ನೂ ಎದುರಿಗೆ ಮುಖ ನೋಡದ ಮಗು ಹದಿನೆಂಟಕ್ಕೆ ನನ್ನ ಬಿಟ್ಟು ಹೋಗುತ್ತೆ ಅಂತ ಶಿರಾಡಿ ಘಾಟಿನಲ್ಲಿ ಅತ್ತೆ.

— ಒಳ್ಳೆ ತಾಯಿ. ಹೆರುವ ಮೊದಲೇ ಮಗಳನ್ನು ಮದುವೆ ಮಾಡಿ ಕಳಿಸಿದ ಹಾಗೆ.

— ನಿಮಗೆ ನಗು.

— ರಿಪೋರ್ಟಿನಲ್ಲಿ ಎಂತ ಬರೆದಿದ್ದಾರೆ ಓದು. ಫೋಟೋ ಬೇಡ, ರಿಪೋರ್ಟು.

— ತೂಕ ವಯಸ್ಸಿಗಿಂತ ಸ್ವಲ್ಪ ಕಮ್ಮಿ. ಲಸಿಕೆ ಎಲ್ಲ ಆಗಿದೆ. ಮಾತು ತಡವಾಗಿ ಬಂತು, ಈಗ ಸಣ್ಣ ವಾಕ್ಯ ಆಡ್ತಾಳೆ. ಹೊಸಬರನ್ನ ಕಂಡರೆ ಆಯಾಳ ಸೆರಗಿನ ಹಿಂದೆ ಹೋಗ್ತಾಳೆ. ಬೇರೆ ಮಕ್ಕಳ ತಟ್ಟೆಯಿಂದ ತೆಗೆದು ತಿಂತಾಳೆ. ರಾತ್ರಿ ಒಮ್ಮೆ ಎದ್ದು ಯಾರಾದರೂ ಇದ್ದಾರಾ ಅಂತ ನೋಡಿ ಮತ್ತೆ ಮಲಗ್ತಾಳೆ.

— ಎಷ್ಟು ಗಂಟೆಗೆ?

— ಗಂಟೆ ಬರೆದಿಲ್ಲ.

— ಬರೆಯಬೇಕಿತ್ತು. ಊಟ?

— ಜೋಳದ ರೊಟ್ಟಿ ಹಾಲಿನಲ್ಲಿ ಮುರಿದು ಹಾಕಿದರೆ ಇಷ್ಟ. ಉತ್ತರದ ಜಿಲ್ಲೆಯ ಮಗು.

— ಹಾಗಾದರೆ ನಾನು ಎಂತ ಅಂದರೆ ಅದಕ್ಕೆ ಅರ್ಥ ಆಗುವುದಿಲ್ಲ. ಅದು ಯವ್ವಾ ಅಂದರೆ ನನಗೆ ಕೇಳಿಸುವುದಿಲ್ಲ. ಜ್ವಾಳದ ರೊಟ್ಟಿ ತಟ್ಟುವುದು ಯಾರಿಂದ ಕಲಿಯುವುದು ಈ ಪ್ರಾಯದಲ್ಲಿ? ನಿನಗೆ ಬರುತ್ತದಾ?

— ಇಲ್ಲ. ಎರಡು ಸಲ ಪ್ರಯತ್ನ ಮಾಡಿದೆ, ಒಡೆದುಹೋಯಿತು.

— ಬಿಸಿ ನೀರಲ್ಲಿ ಕಲಸಬೇಕಂತೆ. ನಮ್ಮ ಶಾಲೆಗೆ ವಿಜಯಪುರದಿಂದ ಬಂದ ಒಬ್ಬಳು ಟೀಚರು ಹೇಳುತ್ತಿದ್ದಳು. ಅವಳ ನಂಬರು ಇರಬೇಕು ಹಳೆಯ ಡೈರಿಯಲ್ಲಿ. ನಿಮ್ಮ ಬೆಂಗಳೂರಿನಲ್ಲಿ ಕುಚ್ಚಲಕ್ಕಿ ಸಿಗುತ್ತದಾ?

— ಸಿಗುತ್ತೆ ದೊಡ್ಡಮ್ಮ. ಮಲ್ಲೇಶ್ವರದಲ್ಲಿ ಸಿಗುತ್ತೆ. ನಮ್ಮ ಬೀದಿಯ ಮಂಗಳೂರು ಸ್ಟೋರಿನಲ್ಲೂ ಸಿಗುತ್ತೆ. ಯಾಕೆ?

— ಬಿಳಿ ಅಕ್ಕಿ ನನಗೆ ಹೊಟ್ಟೆಗಾಗುವುದಿಲ್ಲ. ನಾಲ್ಕು ತಿಂಗಳೆಂದರೆ ಹದಿನೈದು ಕಿಲೋ ಆದರೂ ಬೇಕು. ದನಕ್ಕೆ ಯಾರನ್ನಾದರೂ ನೋಡಬೇಕು. ಈಗ ಒತ್ತು.

— ಫೋಟೋ ನೋಡಿ ಮೊದಲು.

— ಒತ್ತಿದ ಮೇಲೆ ನೋಡುತ್ತೇನೆ.

— ಇಲ್ಲಿ ನೆಟ್‌ವರ್ಕ್ ಇಲ್ಲ ದೊಡ್ಡಮ್ಮ. ಬೆಳಿಗ್ಗೆಯಿಂದ ಒಂದೇ ಒಂದು ಕಡ್ಡಿ ಬಂದು ಹೋಗ್ತಿದೆ.

— ತೋಟದ ಮೇಲಿನ ಗುಡ್ಡೆಗೆ ಹೋದರೆ ಸಿಗುತ್ತದೆ, ಗೇರು ಮರದ ಬುಡದಲ್ಲಿ. ಮಕ್ಕಳೆಲ್ಲ ಅಲ್ಲಿಯೇ ನಿಂತು ಮಾತಾಡುವುದು. ಚಪ್ಪಲಿ ಬೇಡ, ಜಾರುತ್ತದೆ.

— ಈ ಮಳೆಯಲ್ಲಿ ನೀವು ಬರಬೇಡಿ. ನಾನು ಹೋಗಿ ಒತ್ತಿ ಬರ್ತೀನಿ.

— ನಿನ್ನ ಕೈಯಲ್ಲಿ ಮೊಬೈಲ್ ಇರುತ್ತದೆ. ಕೊಡೆ ಯಾರು ಹಿಡಿಯುವುದು?